ಎಎಫ್‌ಸಿ ಕಪ್ 2016: ಬೆಂಗಳೂರು ಎಫ್‌ಸಿ ಏಷ್ಯಾದ ಫೈನಲ್ ತಲುಪಿದ ಋತು

ತುಮಕೂರು: ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯಗಳನ್ನು ನಡುರಾತ್ರಿ ಎದ್ದು ಕುಳಿತು ನೋಡುವ ಫುಟ್‌ಬಾಲ್ ಪ್ರೇಮಿಗಳು ನಮ್ಮ ರಾಜ್ಯದಲ್ಲಿ ಕಡಿಮೆಯೇನಿಲ್ಲ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ತಂಡಗಳ ಆಟಗಾರರ ಹೆಸರುಗಳು ತುಮಕೂರು, ಗುಬ್ಬಿ, ಕುಣಿಗಲ್‌ಗಳ ಕಾಲೇಜು ಹುಡುಗರ ನಾಲಿಗೆಯ ಮೇಲೆ ನಲಿದಾಡುತ್ತವೆ. ಆದರೆ ಕರ್ನಾಟಕದ ರಾಜಧಾನಿಯ ಹೆಸರು ಹೊತ್ತ ಕ್ಲಬ್ಬೊಂದು ಅಂತಹುದೇ ಖಂಡಮಟ್ಟದ ಟೂರ್ನಿಯಲ್ಲಿ ಮಲೇಷ್ಯಾ, ಹಾಂಗ್‌ಕಾಂಗ್, ಸಿಂಗಪುರಗಳ ತಂಡಗಳನ್ನು ಎದುರಿಸಿ ಅಂತಿಮ ಹಣಾಹಣಿಯವರೆಗೆ ಸಾಗಿದ ಕಥೆ ಅಷ್ಟಾಗಿ ಮಾತಿಗೆ ಬರುವುದಿಲ್ಲ. 2016ರ ಎಎಫ್‌ಸಿ ಕಪ್ ಆ ಕಥೆಯ ಋತು. ಆ ವರ್ಷ ಬೆಂಗಳೂರು ಎಫ್‌ಸಿ ಈ ಟೂರ್ನಿಯ ಫೈನಲ್ ತಲುಪಿದ ಮೊಟ್ಟಮೊದಲ ಭಾರತೀಯ ಕ್ಲಬ್ ಎನಿಸಿತು. ಹಳೆಯ ಹೆಸರಿನಲ್ಲಿ ಟೂರ್ನಿ ಮುಕ್ತಾಯ ಕಂಡಾಗಲೂ ಆ ಗೌರವ ಬೇರಾವ ಭಾರತೀಯ ಕ್ಲಬ್ಬಿಗೂ ದಕ್ಕಿರಲಿಲ್ಲ.

ಏನಿದು ಎಎಫ್‌ಸಿ ಕಪ್?

ಯುರೋಪಿನಲ್ಲಿ 1955–56ರಲ್ಲಿ ಆರಂಭಗೊಂಡ ಯುರೋಪಿಯನ್ ಕಪ್, 1992–93ರಿಂದ ಚಾಂಪಿಯನ್ಸ್ ಲೀಗ್ ಎಂಬ ಹೆಸರು ಪಡೆಯಿತು. ಅದರ ಕೆಳಗಿನ ಎರಡನೇ ಸ್ತರದ ಟೂರ್ನಿಯೇ ಇಂದಿನ ಯುರೋಪಾ ಲೀಗ್. ಏಷ್ಯಾದಲ್ಲಿಯೂ ಇದೇ ಬಗೆಯ ವ್ಯವಸ್ಥೆ ಇದೆ. ಏಷ್ಯನ್ ಫುಟ್‌ಬಾಲ್ ಒಕ್ಕೂಟ ನಡೆಸುವ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಮೊದಲ ಸ್ತರದ್ದಾದರೆ, 2004ರಲ್ಲಿ ಹುಟ್ಟಿಕೊಂಡ ಎಎಫ್‌ಸಿ ಕಪ್ ಎರಡನೇ ಸ್ತರದ್ದು. ಜಪಾನ್, ದಕ್ಷಿಣ ಕೊರಿಯಾ, ಸೌದಿ ಅರೇಬಿಯಾಗಳಂತಹ ಬಲಾಢ್ಯ ರಾಷ್ಟ್ರಗಳ ಕ್ಲಬ್‌ಗಳು ಮೊದಲ ಸ್ತರದಲ್ಲಿ ಸೆಣಸುತ್ತಿದ್ದರೆ, ಭಾರತ, ಇರಾಕ್, ಮಲೇಷ್ಯಾ, ಸಿಂಗಪುರ, ಜೋರ್ಡಾನ್, ಲೆಬನಾನ್ ಮೊದಲಾದ ರಾಷ್ಟ್ರಗಳ ಕ್ಲಬ್‌ಗಳಿಗೆ ಎಎಫ್‌ಸಿ ಕಪ್ ವೇದಿಕೆಯಾಗಿತ್ತು. 2024–25ರ ಋತುವಿನಿಂದ ಏಷ್ಯನ್ ಒಕ್ಕೂಟ ತನ್ನ ಟೂರ್ನಿಗಳನ್ನು ಮರುರೂಪಿಸಿದ್ದು, ಎರಡನೇ ಸ್ತರದ ಟೂರ್ನಿಗೆ ಈಗ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಎಂಬ ಹೆಸರಿದೆ.

2016ಕ್ಕೆ ಮುನ್ನ ಭಾರತದ ಕ್ಲಬ್‌ಗಳು ಈ ಟೂರ್ನಿಯಲ್ಲಿ ಸೆಮಿಫೈನಲ್ ಗೆರೆ ದಾಟಿರಲಿಲ್ಲ. ಗೋವಾದ ಡೆಂಪೊ 2008ರಲ್ಲಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ 2013ರಲ್ಲಿ ಸೆಮಿಫೈನಲ್‌ನಲ್ಲಿ ಮುಗ್ಗರಿಸಿದ್ದವು.

ಮೂರು ವರ್ಷದ ಕೂಸು

ಬೆಂಗಳೂರು ಎಫ್‌ಸಿ ಸ್ಥಾಪನೆಯಾದದ್ದು 2013ರ ಜುಲೈನಲ್ಲಿ. ಉಕ್ಕು ಉದ್ಯಮದ ಜೆಎಸ್‌ಡಬ್ಲ್ಯು ಸಮೂಹ ಇದರ ಒಡೆಯ. ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಮೊದಲ ತರಬೇತುದಾರರು. ಸುನಿಲ್ ಛೆಟ್ರಿ ನಾಯಕ. ಆಡಿದ ಮೊದಲ ಋತುವಿನಲ್ಲೇ, ಅಂದರೆ 2013–14ರಲ್ಲೇ, ಐ–ಲೀಗ್ ಪ್ರಶಸ್ತಿ ಗೆದ್ದು ಈ ಕ್ಲಬ್ ದೇಶದ ಗಮನ ಸೆಳೆಯಿತು. 2015ರ ಜನವರಿಯಲ್ಲಿ ಡೆಂಪೊ ತಂಡವನ್ನು 2–1ರಿಂದ ಮಣಿಸಿ ಫೆಡರೇಷನ್ ಕಪ್ ಕೂಡ ತನ್ನದಾಗಿಸಿಕೊಂಡಿತು. ಈ ಗೆಲುವೇ 2016ರ ಎಎಫ್‌ಸಿ ಕಪ್ ಬಾಗಿಲು ತೆರೆಯಿತು.

ಏಷ್ಯಾದ ಅಂಗಳ ಆ ವೇಳೆಗೆ ತಂಡಕ್ಕೆ ತೀರಾ ಹೊಸದೇನೂ ಆಗಿರಲಿಲ್ಲ. 2015ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತಿತ್ತು. ಬಳಿಕ ಎಎಫ್‌ಸಿ ಕಪ್‌ನ 16ರ ಘಟ್ಟದಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ತಂಡಕ್ಕೆ ಶರಣಾಗಿತ್ತು. ಮುಂದಿನ ವರ್ಷದ ಸಾಧನೆಯ ಹಿಂದೆ ಈ ಎರಡು ಸೋಲುಗಳ ಪಾಠವೂ ಇದೆ.

ಟೂರ್ನಿಯ ಸ್ವರೂಪ

2016ರ ಟೂರ್ನಿಯ ಪ್ರಧಾನ ಹಂತದಲ್ಲಿ ತಲಾ ನಾಲ್ಕು ತಂಡಗಳ ಎಂಟು ಗುಂಪುಗಳಿದ್ದವು. ಪಶ್ಚಿಮ ಏಷ್ಯಾ ವಲಯಕ್ಕೆ ನಾಲ್ಕು, ಪೂರ್ವ ವಲಯಕ್ಕೆ ನಾಲ್ಕು. ಪ್ರತಿ ಗುಂಪಿನ ಮೊದಲ ಎರಡು ತಂಡಗಳಿಗೆ 16ರ ಘಟ್ಟಕ್ಕೆ ಪ್ರವೇಶ. ಅಲ್ಲಿ ಒಂದೇ ಪಂದ್ಯ. ಗುಂಪಿನ ಅಗ್ರಸ್ಥಾನಿಗೆ ತವರು ಅಂಗಳದ ಅನುಕೂಲ. ಕ್ವಾರ್ಟರ್ ಫೈನಲ್ ಮತ್ತು ಸೆಮಿಫೈನಲ್‌ಗಳು ಯುರೋಪಿನ ಮಾದರಿಯಲ್ಲಿಯೇ ತವರಿನಲ್ಲೊಂದು, ಎದುರಾಳಿಯ ನೆಲದಲ್ಲೊಂದು ಎಂದು ಎರಡು ಚರಣಗಳಲ್ಲಿ ನಡೆಯುತ್ತಿದ್ದವು. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿದಾಗ ಸಮವಾದರೆ, ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದ ತಂಡಕ್ಕೆ ಜಯ. ಈ ನಿಯಮವನ್ನು ಯುರೋಪ್ 2021ರಲ್ಲಿ ಕೈಬಿಟ್ಟಿತು. ಏಷ್ಯಾ ಕೂಡ ಬಳಿಕ ಅದೇ ಹಾದಿ ಹಿಡಿಯಿತು. 2016ರಲ್ಲಿ ಮಾತ್ರ ಅದು ಜಾರಿಯಲ್ಲಿತ್ತು.

ಫೈನಲ್‌ವರೆಗೆ ಎರಡೂ ವಲಯಗಳ ತಂಡಗಳು ಮುಖಾಮುಖಿಯಾಗುವಂತಿರಲಿಲ್ಲ. ಹೀಗಾಗಿ ಅಂತಿಮ ಪಂದ್ಯ ಪೂರ್ವ ಮತ್ತು ಪಶ್ಚಿಮ ಏಷ್ಯಾಗಳ ನಡುವಿನ ಸೆಣಸಾಟವೇ ಆಗಿತ್ತು.

ಗುಂಪಿನ ಹಂತ: ಮೂರು ಗೆಲುವು, ಮೂರು ಸೋಲು

ಬೆಂಗಳೂರು ತಂಡಕ್ಕೆ ದೊರೆತದ್ದು ‘ಎಚ್’ ಗುಂಪು. ಹಿಂದಿನ ವರ್ಷದ ಚಾಂಪಿಯನ್ ಜೊಹೊರ್ ದಾರುಲ್ ತಾಜಿಮ್, ಲಾವೋಸ್‌ನ ಲಾವೊ ಟೊಯೊಟಾ ಹಾಗೂ ಮ್ಯಾನ್ಮಾರ್‌ನ ಅಯೆಯವಾಡಿ ಯುನೈಟೆಡ್ ಉಳಿದ ತಂಡಗಳು. ಜೊಹೊರ್ ಸಾಮಾನ್ಯ ಎದುರಾಳಿಯಾಗಿರಲಿಲ್ಲ. ಜೊಹೊರ್ ರಾಜಮನೆತನದ ಆಶ್ರಯದಲ್ಲಿ ಬೆಳೆದ ಈ ಕ್ಲಬ್, 2015ರಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್ ತಂಡವನ್ನು ಅದರ ನೆಲದಲ್ಲೇ ಸೋಲಿಸಿ ಎಎಫ್‌ಸಿ ಕಪ್ ಗೆದ್ದ ಮೊದಲ ಆಗ್ನೇಯ ಏಷ್ಯಾ ತಂಡ ಎಂಬ ಹಿರಿಮೆ ಪಡೆದಿತ್ತು.

ಗುಂಪಿನ ಹಂತದ ಎರಡೂ ಪಂದ್ಯಗಳಲ್ಲಿ ಬೆಂಗಳೂರು ಜೊಹೊರ್‌ಗೆ ಸೋತಿತು. ಹೀಗೆ ಆರು ಪಂದ್ಯಗಳಲ್ಲಿ ಮೂರು ಗೆಲುವು, ಮೂರು ಸೋಲುಗಳೊಂದಿಗೆ ಒಂಬತ್ತು ಅಂಕ ಗಳಿಸಿ ಜೊಹೊರ್ ಬೆನ್ನಿಗೆ ಎರಡನೇ ಸ್ಥಾನ ಪಡೆಯಿತು. ಇದು ಬೀಗುವಂತಹ ಸಾಧನೆಯೇನಲ್ಲ. ಆದರೆ ಈ ಪಂದ್ಯಗಳ ನಡುವೆಯೇ ತಂಡ ಐ–ಲೀಗ್‌ನ ಪ್ರಶಸ್ತಿ ಪೈಪೋಟಿಯಲ್ಲಿಯೂ ತೊಡಗಿತ್ತು ಎಂಬುದನ್ನು ಮರೆಯುವಂತಿಲ್ಲ. 2016ರ ಏಪ್ರಿಲ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2–0ರಿಂದ ಸೋಲಿಸಿ ಎರಡನೇ ಬಾರಿ ಐ–ಲೀಗ್ ಕಿರೀಟ ಧರಿಸಿತು. ವಾರದ ನಡುವೆ ವಿದೇಶ, ವಾರದ ಕೊನೆಗೆ ಸ್ವದೇಶ ಎಂಬಂತೆ ಆಟಗಾರರು ಆ ಬೇಸಿಗೆಯನ್ನು ಕಳೆದರು.

ಹಾಂಗ್‌ಕಾಂಗ್‌ನಲ್ಲಿ ತಿರುವು

ಎರಡನೇ ಸ್ಥಾನ ಪಡೆದ ತಪ್ಪಿಗೆ 16ರ ಘಟ್ಟದ ಪಂದ್ಯವನ್ನು ಎದುರಾಳಿಯ ನೆಲದಲ್ಲಿ ಆಡಬೇಕಾಯಿತು. ಮೇ 25ರಂದು ಹಾಂಗ್‌ಕಾಂಗ್‌ನ ಮೊಂಗ್‌ಕಾಕ್ ಕ್ರೀಡಾಂಗಣದಲ್ಲಿ ಕಿಚಿ ತಂಡವನ್ನು 3–2 ಗೋಲುಗಳಿಂದ ಮಣಿಸಿ ಬೆಂಗಳೂರು ಕ್ವಾರ್ಟರ್ ಫೈನಲ್ ತಲುಪಿತು. ಇದರ ಹಿಂದಿನ ದಿನ ಗುವಾಹಟಿಯಲ್ಲಿ ಮೋಹನ್ ಬಾಗನ್ ತಂಡ ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ಎದುರು ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತು ಹೊರಬಿದ್ದಿತ್ತು. ಭಾರತದ ಆಸೆಯೆಲ್ಲ ಈಗ ಬೆಂಗಳೂರಿನ ಮೇಲೆಯೇ ನಿಂತಿತು.

ಈ ಘಟ್ಟದ ನಂತರ ಟೂರ್ನಿಗೆ ಮೂರೂವರೆ ತಿಂಗಳ ಬಿಡುವು. ಆ ಅವಧಿಯಲ್ಲಿ ವೆಸ್ಟ್‌ವುಡ್ ತಂಡವನ್ನು ತೊರೆದರು. ಜುಲೈನಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಅವರ ಸ್ಥಾನಕ್ಕೆ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ತರಬೇತುದಾರರಾಗಿದ್ದಾಗ ಅವರ ಸಹಾಯಕ ಬಳಗದಲ್ಲಿದ್ದವರು ರೋಕಾ. ಆ ಅವಧಿಯಲ್ಲೇ, 2006ರ ಮೇ ತಿಂಗಳಲ್ಲಿ, ಬಾರ್ಸಿಲೋನಾ ಪ್ಯಾರಿಸ್‌ನಲ್ಲಿ ಆರ್ಸೆನಲ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ನೇರ ಓಟ, ಉದ್ದನೆಯ ಪಾಸುಗಳ ವೆಸ್ಟ್‌ವುಡ್ ಶೈಲಿಗೆ ಬದಲು ಚೆಂಡನ್ನು ತಮ್ಮಲ್ಲೇ ಉಳಿಸಿಕೊಂಡು ಆಡುವ ಸ್ಪೇನ್ ಶೈಲಿಗೆ ರೋಕಾ ಒತ್ತು ಕೊಟ್ಟರು. ಹೊಸ ತರಬೇತುದಾರರ ಮೊದಲ ಪರೀಕ್ಷೆ ಕ್ವಾರ್ಟರ್ ಫೈನಲ್ ಆಗಿತ್ತು.

ಟ್ಯಾಂಪೈನ್ಸ್ ವಿರುದ್ಧ ಒಂದು ಗೋಲಿನ ಜಯ

ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ನಡೆದ ಮೊದಲ ಚರಣದಲ್ಲಿ ಸಿ.ಕೆ. ವಿನೀತ್ ಪಂದ್ಯದ ಆರಂಭದಲ್ಲೇ ಹೊಡೆದ ಗೋಲು ಬೆಂಗಳೂರಿಗೆ 1–0 ಮುನ್ನಡೆ ತಂದಿತು. ವಾರದ ನಂತರ, ಸೆಪ್ಟೆಂಬರ್ 21ರಂದು ಸಿಂಗಪುರದ ಜಲನ್ ಬೆಸಾರ್ ಕ್ರೀಡಾಂಗಣದಲ್ಲಿ ತಂಡ ಗೋಲುರಹಿತ ಡ್ರಾ ಸಾಧಿಸಿತು. ಎರಡು ಪಂದ್ಯಗಳಲ್ಲಿ ಒಂದೇ ಒಂದು ಗೋಲು. ಆದರೆ ಎದುರಾಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಇಂಗ್ಲೆಂಡಿನ ಜಾನ್ ಜಾನ್ಸನ್, ಸ್ಪೇನಿನ ಜುವಾನನ್ ಅವರ ರಕ್ಷಣಾ ಜೋಡಿ, ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅವರ ಸ್ಥಿರ ಆಟ ಈ ಹಂತದ ಬಂಡವಾಳ.

ಮತ್ತೆ ಜೊಹೊರ್

ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಜೊಹೊರ್. ಎರಡು ಋತುಗಳಲ್ಲಿ ಮೂರು ಬಾರಿ ಬೆಂಗಳೂರನ್ನು ಸೋಲಿಸಿದ್ದ, ಒಮ್ಮೆಯೂ ಸೋಲು ಕಾಣದಿದ್ದ ತಂಡ. ಸೆಪ್ಟೆಂಬರ್ 28ರಂದು ಮಲೇಷ್ಯಾದಲ್ಲಿ ನಡೆದ ಮೊದಲ ಚರಣದಲ್ಲಿ ಹಿನ್ನಡೆ ಕಂಡರೂ, ಮೇಘಾಲಯದ ಯೂಜೆನ್‌ಸನ್ ಲಿಂಗ್ಡೊ ಗೋಲು ಹೊಡೆದು ಪಂದ್ಯವನ್ನು 1–1ರಲ್ಲಿ ಸಮ ಮಾಡಿದರು. ಎದುರಾಳಿಯ ನೆಲದಲ್ಲಿ ದೊರೆತ ಆ ಒಂದು ಗೋಲು ಚಿನ್ನದಂತಹುದು. ತವರಿನ ಪಂದ್ಯ ಗೋಲಿಲ್ಲದೆ ಮುಗಿದರೂ ಫೈನಲ್ ಬೆಂಗಳೂರಿನ ಪಾಲಾಗುತ್ತಿತ್ತು.

ಅಕ್ಟೋಬರ್ 19ರ ಬುಧವಾರ ಸಂಜೆ ಕಂಠೀರವದಲ್ಲಿ ಎರಡನೇ ಚರಣ. ಪಂದ್ಯ ಆರಂಭವಾಗಿ 11ನೇ ನಿಮಿಷದಲ್ಲೇ ಜೊಹೊರ್‌ನ ಸಫೀಕ್ ರಹೀಮ್ ಗೋಲು ಹೊಡೆದಾಗ ಆ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಈಗ ಒಂದು ಗೋಲು ಬಂದರೆ ಪಂದ್ಯ ಹೆಚ್ಚುವರಿ ಸಮಯದತ್ತ ಸಾಗುತ್ತದೆ. ಫೈನಲ್ ತಲುಪಲು ಎರಡು ಬೇಕು. 41ನೇ ನಿಮಿಷದಲ್ಲಿ ನಾಯಕ ಛೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿ ಸಮಬಲ ತಂದರು. ವಿರಾಮದ ನಂತರ, 67ನೇ ನಿಮಿಷದಲ್ಲಿ ದೂರದಿಂದ ಬಾರಿಸಿದ ಚೆಂಡು ಮತ್ತೊಮ್ಮೆ ಗೋಲಾಯಿತು. 75ನೇ ನಿಮಿಷದಲ್ಲಿ ಜುವಾನನ್ ಮೂರನೇ ಗೋಲು ಸೇರಿಸಿದಾಗ ಕ್ರೀಡಾಂಗಣದ ಪಶ್ಚಿಮ ಬದಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿ ಬಳಗಕ್ಕೆ ಹಬ್ಬವೇ ಹಬ್ಬ. ಪಂದ್ಯ 3–1, ಒಟ್ಟು ಲೆಕ್ಕ 4–2. ಹಾಲಿ ಚಾಂಪಿಯನ್ ಹೊರನಡೆಯಿತು.

ಎರಡು ದೋಣಿಯಲ್ಲಿ ಕಾಲು

ಆ ವರ್ಷದ ಭಾರತೀಯ ಫುಟ್‌ಬಾಲ್‌ನ ವಿಚಿತ್ರ ವ್ಯವಸ್ಥೆಯೊಂದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರು ಎಫ್‌ಸಿ ಆಗ ಐ–ಲೀಗ್ ಕ್ಲಬ್. ಇಂಡಿಯನ್ ಸೂಪರ್ ಲೀಗ್ ಬೇರೆಯೇ ಟೂರ್ನಿ. ಅದರ ತಂಡಗಳು ಐ–ಲೀಗ್ ಆಟಗಾರರನ್ನು ಆ ಅವಧಿಗೆ ತಮ್ಮಲ್ಲಿ ಸೇರಿಸಿಕೊಳ್ಳುತ್ತಿದ್ದವು. 2016ರ ಐಎಸ್‌ಎಲ್ ಅಕ್ಟೋಬರ್ 1ರಂದು, ಅಂದರೆ ಜೊಹೊರ್ ವಿರುದ್ಧದ ಎರಡು ಚರಣಗಳ ನಡುವೆಯೇ, ಶುರುವಾಯಿತು. ಛೆಟ್ರಿ ಮತ್ತು ಅಮರಿಂದರ್ ಮುಂಬೈ ಸಿಟಿಗೆ, ವಿನೀತ್ ಮತ್ತು ರಿನೊ ಆಂಟೊ ಕೇರಳ ಬ್ಲಾಸ್ಟರ್ಸ್‌ಗೆ ಆಡಬೇಕಿತ್ತು. ಏಷ್ಯಾದ ಅಭಿಯಾನ ಮುಗಿಯುವವರೆಗೆ ಇವರು ಬೆಂಗಳೂರು ತಂಡದೊಂದಿಗೇ ಉಳಿದು, ನಂತರವಷ್ಟೇ ಐಎಸ್‌ಎಲ್ ತಂಡಗಳನ್ನು ಕೂಡಿಕೊಂಡರು. ದೇಶದ ಉಳಿದ ಆಟಗಾರರು ಲೀಗ್ ಪಂದ್ಯಗಳಲ್ಲಿ ಮುಳುಗಿದ್ದಾಗ, ಬೆಂಗಳೂರು ತಂಡ ವಾರಗಟ್ಟಲೆ ಅಭ್ಯಾಸದಲ್ಲೇ ಕಳೆದು ಒಂದೊಂದು ಪಂದ್ಯಕ್ಕೆ ಅಣಿಯಾಗಬೇಕಾಯಿತು.

ದೋಹಾದ ಅಂತಿಮ ಹಣಾಹಣಿ

ಫೈನಲ್‌ನಲ್ಲಿ ಎದುರಾಳಿ ಇರಾಕ್‌ನ ಅಲ್ ಖುವಾ ಅಲ್ ಜವಿಯಾ. ಹೆಸರಿನ ಅರ್ಥ ವಾಯುಪಡೆ. 1931ರಲ್ಲಿ ಸ್ಥಾಪನೆಯಾದ ಹಳೆಯ ಕ್ಲಬ್. ಇರಾಕ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನು ನಡೆಸಲು ಆಗ ಅವಕಾಶವಿರಲಿಲ್ಲ. ಹೀಗಾಗಿ ಕತಾರ್‌ನ ದೋಹಾದಲ್ಲಿಯೇ ‘ತವರು’ ಪಂದ್ಯಗಳನ್ನು ಆಡುತ್ತಿದ್ದ ತಂಡಕ್ಕೆ, ಫೈನಲ್ ಕೂಡ ಅಲ್ಲಿನ ಸುಹೈಮ್ ಬಿನ್ ಹಮದ್ ಕ್ರೀಡಾಂಗಣದಲ್ಲೇ ಒದಗಿಬಂತು.

ನವೆಂಬರ್ 5ರ ಆ ಪಂದ್ಯಕ್ಕೆ ಮುನ್ನವೇ ಬೆಂಗಳೂರಿಗೆ ಪೆಟ್ಟು ಬಿದ್ದಿತ್ತು. ಹಳದಿ ಕಾರ್ಡ್‌ಗಳ ಕಾರಣದಿಂದ ಅಮರಿಂದರ್ ಸಿಂಗ್ ಒಂದು ಪಂದ್ಯದ ನಿಷೇಧಕ್ಕೆ ಒಳಗಾಗಿ ಫೈನಲ್‌ನಿಂದ ಹೊರಗುಳಿದರು. ಅವರ ಬದಲು ಮಿಜೋರಾಂನ ಲಾಲ್‌ತುವಾಮ್ಮಾವಿಯಾ ರಾಲ್ಟೆ ಗೋಲು ಕಾಯಲು ನಿಂತು, ಎದೆಗುಂದದೆ ಹಲವು ಹೊಡೆತಗಳನ್ನು ತಡೆದರು. ಮೊದಲಾರ್ಧ ಗೋಲಿಲ್ಲದೆ ಮುಗಿಯಿತು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಗೋಲೇ ಕೊನೆಗೆ ನಿರ್ಣಾಯಕ. 1–0ರಿಂದ ಗೆದ್ದ ಅಲ್ ಖುವಾ, ಎಎಫ್‌ಸಿ ಕಪ್ ಎತ್ತಿದ ಮೊದಲ ಇರಾಕಿ ಕ್ಲಬ್ ಎನಿಸಿತು. ಹಮ್ಮಾದಿಗೆ ಅದು ಟೂರ್ನಿಯ 16ನೇ ಗೋಲು. ಅಧಿಕ ಗೋಲು ಗಳಿಸಿದವರ ಪಟ್ಟಿಯಲ್ಲಿ ಅಗ್ರಸ್ಥಾನ ಅವರದೇ. ಆ ಕ್ಲಬ್ 2017 ಮತ್ತು 2018ರಲ್ಲೂ ಪ್ರಶಸ್ತಿ ಗೆದ್ದು ಹ್ಯಾಟ್ರಿಕ್ ಸಾಧಿಸಿತು ಎಂಬುದನ್ನು ಗಮನಿಸಿದರೆ, ಬೆಂಗಳೂರು ಸೋತದ್ದು ಎಂತಹ ತಂಡಕ್ಕೆ ಎಂಬುದು ತಿಳಿಯುತ್ತದೆ.

ನಾಕೌಟ್ ಹಂತದ ಫಲಿತಾಂಶಗಳು (2016)

16ರ ಘಟ್ಟ, ಮೇ 25, ಹಾಂಗ್‌ಕಾಂಗ್: ಬೆಂಗಳೂರು 3, ಕಿಚಿ 2
ಕ್ವಾರ್ಟರ್ ಫೈನಲ್, ಸೆ. 14, ಬೆಂಗಳೂರು: ಬೆಂಗಳೂರು 1, ಟ್ಯಾಂಪೈನ್ಸ್ ರೋವರ್ಸ್ 0
ಕ್ವಾರ್ಟರ್ ಫೈನಲ್, ಸೆ. 21, ಸಿಂಗಪುರ: ಟ್ಯಾಂಪೈನ್ಸ್ ರೋವರ್ಸ್ 0, ಬೆಂಗಳೂರು 0
ಸೆಮಿಫೈನಲ್, ಸೆ. 28, ಜೊಹೊರ್: ಜೊಹೊರ್ 1, ಬೆಂಗಳೂರು 1
ಸೆಮಿಫೈನಲ್, ಅ. 19, ಬೆಂಗಳೂರು: ಬೆಂಗಳೂರು 3, ಜೊಹೊರ್ 1
ಫೈನಲ್, ನ. 5, ದೋಹಾ: ಅಲ್ ಖುವಾ ಅಲ್ ಜವಿಯಾ 1, ಬೆಂಗಳೂರು 0

ಹಿಂದಿನವರ ಹೆಜ್ಜೆ

ಏಷ್ಯಾ ಮಟ್ಟದ ಕ್ಲಬ್ ಟೂರ್ನಿಯಲ್ಲಿ ಕನ್ನಡನಾಡಿನ ಹೆಸರು ಕೇಳಿಬಂದದ್ದು 2016ರಲ್ಲೇ ಮೊದಲೇನಲ್ಲ. 1969ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್ ಕ್ಲಬ್ ಟೂರ್ನಿಯಲ್ಲಿ ಭಾರತವನ್ನು ಪ್ರತಿನಿಧಿಸಿದ್ದು ಸಂತೋಷ್ ಟ್ರೋಫಿ ವಿಜೇತ ಮೈಸೂರು ರಾಜ್ಯ ತಂಡ. ಮೂರನೇ ಸ್ಥಾನದ ಪಂದ್ಯದಲ್ಲಿ ಜಪಾನಿನ ಟೊಯೊ ಕೊಗ್ಯೊ ಎದುರು 0–2ರಿಂದ ಸೋತು ಅದು ನಾಲ್ಕನೆಯದಾಯಿತು. ಇಸ್ರೇಲಿನ ಮಕ್ಕಾಬಿ ಟೆಲ್ ಅವೀವ್ ಆ ಬಾರಿಯ ಚಾಂಪಿಯನ್.

ಅದಕ್ಕೂ ಹಿಂದೆ, 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಸೇನಾ ತಂಡಗಳ ಪಾರಮ್ಯವಿದ್ದ ಮುಂಬೈನ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ಬಳಿಕದ ದಶಕಗಳಲ್ಲಿ ಎಚ್‌ಎಎಲ್, ಐಟಿಐ, ಬಿಇಎಂಎಲ್‌ನಂತಹ ಸಾರ್ವಜನಿಕ ಉದ್ಯಮಗಳ ತಂಡಗಳು ನಗರದ ಆಟವನ್ನು ಪೋಷಿಸಿದವು. ಕಾರ್ಖಾನೆಯ ನೌಕರಿ ಆಟಗಾರನಿಗೆ ಅನ್ನ ಕೊಡುತ್ತಿತ್ತು, ಆಟ ಕಾರ್ಖಾನೆಗೆ ಹೆಸರು ತರುತ್ತಿತ್ತು. ಎಚ್‌ಎಎಲ್ ತಂಡ 2010–11 ಮತ್ತು 2011–12ರಲ್ಲಿ ಐ–ಲೀಗ್‌ನಲ್ಲಿಯೂ ಆಡಿತ್ತು. ಅದೇ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಉದ್ಘಾಟನೆಗೊಂಡಿತು. ಕಾರ್ಖಾನೆ ನಮ್ಮ ಜಿಲ್ಲೆಗೆ ಬಂದಿತು; ಕಾರ್ಖಾನೆ ತಂಡಗಳ ಕಾಲ ಮಾತ್ರ ಆ ವೇಳೆಗೆ ಹಿಂದೆ ಸರಿದಿತ್ತು.

ಆ ಋತುವಿನ ನಂತರ

2017ರ ಎಎಫ್‌ಸಿ ಕಪ್‌ನಲ್ಲಿಯೂ ಬೆಂಗಳೂರು ಅಂತರವಲಯ ಫೈನಲ್ ತಲುಪಿತು. ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ಮಣಿಸಿದರೂ, ಇಸ್ತಿಕ್ಲೋಲ್ ಎದುರು ಹೊರನೆಲದಲ್ಲಿ 0–1ರಿಂದ ಸೋತು ತವರಿನಲ್ಲಿ 2–2ರ ಡ್ರಾಕ್ಕೆ ತೃಪ್ತಿಪಟ್ಟು ನಿರ್ಗಮಿಸಿತು. ಅದೇ ವರ್ಷ ಕ್ಲಬ್ ಐಎಸ್‌ಎಲ್‌ಗೆ ಸೇರ್ಪಡೆಯಾಯಿತು. 2017–18ರಲ್ಲಿ ರನ್ನರ್ಸ್ ಅಪ್, 2018–19ರಲ್ಲಿ ಎಫ್‌ಸಿ ಗೋವಾವನ್ನು 1–0ರಿಂದ ಸೋಲಿಸಿ ಚಾಂಪಿಯನ್. ಕ್ಲಬ್ಬಿನ ವಸತಿ ಅಕಾಡೆಮಿಯೂ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ತಲೆಯೆತ್ತಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 2016ರ ಸಾಧನೆಯ ಪ್ರಮುಖರಲ್ಲಿ ಬಹುತೇಕರು ಮಿಜೋರಾಂ, ಮೇಘಾಲಯ, ಮಣಿಪುರ, ಕೇರಳ, ಪಂಜಾಬ್ ಮೊದಲಾದ ರಾಜ್ಯಗಳವರು. ಜೊತೆಗೆ ವಿದೇಶಿ ಆಟಗಾರರು. ವೃತ್ತಿಪರ ಕ್ಲಬ್ಬಿನಲ್ಲಿ ಇದು ಸಹಜವೇ. ಬಾರ್ಸಿಲೋನಾದಲ್ಲಿ ಆಡುವವರೆಲ್ಲರೂ ಬಾರ್ಸಿಲೋನಾದವರಲ್ಲ. ಆದರೆ ಆ ನಗರದ ಅಕಾಡೆಮಿ ತನ್ನ ಸುತ್ತಲಿನ ಹುಡುಗರನ್ನೂ ಬೆಳೆಸುತ್ತದೆ. ನಮ್ಮಲ್ಲಿ ಸ್ಥಳೀಯ ಪ್ರತಿಭೆಗೇನೂ ಬರವಿಲ್ಲ ಎಂಬುದನ್ನು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಸಾಬೀತುಪಡಿಸಿತು. ಅಂದು ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ರಾಜ್ಯಕ್ಕೆ ಮರಳಿ ತಂದಿತು.

ತುಮಕೂರಿನಿಂದ ಕಂಠೀರವಕ್ಕೆ

ತುಮಕೂರಿನಿಂದ ಕಂಠೀರವ ಕ್ರೀಡಾಂಗಣಕ್ಕೆ ಸುಮಾರು 70 ಕಿಲೋಮೀಟರ್. ಪಂದ್ಯ ನೋಡುವವರಿಗೆ ಈ ದಾರಿ ಹಿಂದಿಗಿಂತ ಸುಲಭವಾಗಿದೆ. ಕ್ರೀಡಾಂಗಣಕ್ಕೆ ಹತ್ತಿರದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಸೇವೆ ಆರಂಭಿಸಿದ್ದು ಅದೇ 2016ರ ಏಪ್ರಿಲ್ ಕೊನೆಯಲ್ಲಿ. ತುಮಕೂರು ರಸ್ತೆಯ ಹಸಿರು ಮಾರ್ಗ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ. ಬಸ್ಸಿನಲ್ಲಿ ಬಂದವರು ಅಲ್ಲಿ ರೈಲು ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಕ್ರೀಡಾಂಗಣ ಕಾಲ್ನಡಿಗೆಯ ದೂರ.

ಆಡಬಯಸುವವರ ದಾರಿ ಇಷ್ಟು ನೇರವಿಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಸೇರಿದಂತೆ ಪ್ರಮುಖ ಲೀಗ್‌ಗಳು ಬೆಂಗಳೂರು ಕೇಂದ್ರಿತ. ಗುಬ್ಬಿಯ ಅಥವಾ ಕುಣಿಗಲ್ಲಿನ ಶಾಲಾ ಬಾಲಕ ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟದ ಶಾಲಾ ಕ್ರೀಡಾಕೂಟಗಳನ್ನು ದಾಟಿದ ಮೇಲೆ, ವಾರಕ್ಕೊಂದು ಲೀಗ್ ಪಂದ್ಯ ಆಡಬೇಕೆಂದರೆ ಊರು ಬಿಟ್ಟು ರಾಜಧಾನಿ ಸೇರಬೇಕಾಗುತ್ತದೆ. ಹದಿನಾಲ್ಕು–ಹದಿನೈದರ ವಯಸ್ಸಿನಲ್ಲಿ ಎಲ್ಲ ಮನೆಗಳಿಗೂ ಅದು ಸಾಧ್ಯವಾಗುವ ಮಾತಲ್ಲ. ಆಟಗಾರ ರೂಪುಗೊಳ್ಳುವುದು ಆ ವಯಸ್ಸಿನಲ್ಲೇ.

ಜೊಹೊರ್ ವಿರುದ್ಧ ಮೂರು ಬಾರಿ ಸೋತು, ನಾಲ್ಕನೇ ಬಾರಿ ಸಮ ಮಾಡಿಕೊಂಡು, ಐದನೇ ಬಾರಿ ಗೆದ್ದ ತಂಡದ ಋತು ಇದು. ಬಲಾಢ್ಯರೊಡನೆ ಮತ್ತೆ ಮತ್ತೆ ಆಡಲು ಅವಕಾಶ ದೊರೆತದ್ದರಿಂದಲೇ ಆ ಗೆಲುವು ಒಲಿಯಿತು. ಜಿಲ್ಲೆಗಳ ಮಕ್ಕಳಿಗೆ ಬೇಕಿರುವುದೂ ಅದೇ ಅವಕಾಶ: ತಮ್ಮೂರಿನ ಮೈದಾನದಲ್ಲೇ, ವರ್ಷವಿಡೀ, ಆಡಲು ಪಂದ್ಯಗಳು.